ಮೋಡ ಸಾಕು

ನಮ್ಮೂರಿನ ಗೋಡೆಗಳ ಮೇಲೆ ಪುರಸಭೆಯವರು ನೀಲಿ ಬಣ್ಣದಲ್ಲಿ ಮೂರು ಮಾತು ಬರೆಸಿದ್ದರು. ಗಿಡ ನೆಡು. ನೀರು ಉಳಿಸು. ಮೋಡ ಸಾಕು. ಮೊದಲೆರಡು ಹಳೆಯವು, ಮೂರನೆಯದು ಹೊಸದು. ಊರಿನಲ್ಲಿ ಮೋಡಗಳು ಮಿತಿಮೀರಿವೆ, ಇನ್ನು ಸಾಕು ಎಂದು ಹೇಳುವುದು ಅವರ ಉದ್ದೇಶ. ಆದರೆ ಗಿಡ ನೆಟ್ಟು, ನೀರು ಉಳಿಸಿ ರೂಢಿಯಾದ ಜನ ಇದನ್ನೂ ಅದೇ ಸಾಲಿನ ಮಾತು ಎಂದುಕೊಂಡರು. ಒಂದು ಮೋಡ ಇದ್ದವರು ಇನ್ನೊಂದನ್ನು ಹಿಡಿದು ತಂದು ಸಾಕಿದರು. ಅಲ್ಲಿಯವರೆಗೂ ಒಂದೇ ಮೋಡದಲ್ಲಿ ಸಂಸಾರ ಮಾಡುತ್ತಿದ್ದ ಗಂಡಹೆಂಡಿರು ಜಗಳದ ಲೆಕ್ಕ ಇಡಲು ಬೇರೆ ಬೇರೆ ಮೋಡ ಕಟ್ಟಿಕೊಂಡರು. ಹಬೆಮನೆಯ ಮುಂದಿನ ಸೌದೆ ರಾಶಿ ಕರಗತೊಡಗಿದಾಗಲೇ ಪುರಸಭೆಗೆ ತನ್ನ ಕನ್ನಡದ ಮೇಲೆ ಅನುಮಾನ ಬಂದದ್ದು.

ಮೋಡಕ್ಕೆ ಹಬೆ ಬೇಕು. ಊರ ಹೊರಗಿನ ಹಬೆಮನೆಯಲ್ಲಿ ಹಗಲೂ ರಾತ್ರಿ ಬಾಯ್ಲರ್ ಕುದಿಸಿ, ಕೊಳವೆಗಳಲ್ಲಿ ಬೀದಿಬೀದಿಗೆ ಹಬೆ ಬಿಡುತ್ತಿದ್ದರು. ಹೆಂಚಿನ ಮೇಲೆ, ತಾರಸಿಯ ಮೇಲೆ ಹಗ್ಗದ ತುದಿಯಲ್ಲಿ ನಿಂತ ಮೋಡಗಳು ಅದನ್ನು ಕುಡಿದುಕೊಂಡು ಹೇಳಿದ್ದನ್ನು ಇಟ್ಟುಕೊಂಡಿರುತ್ತವೆ, ಕೇಳಿದರೆ ಒಡೆಯರ ದನಿಯಲ್ಲೇ ತಿರುಗಿ ಹೇಳುತ್ತವೆ. ದರ್ಜಿಯ ಮೋಡದಲ್ಲಿ ಊರವರ ಸೊಂಟದ ಅಳತೆಗಳಿದ್ದವು, ಸೂಲಗಿತ್ತಿಯ ಮೋಡದಲ್ಲಿ ಕಷಾಯದ ಪಾಕಗಳಿದ್ದವು. ರುಬ್ಬುಗುಂಡು ಎರವಲು ಒಯ್ದವರ ಹೆಸರಂತೂ ಎಲ್ಲ ಮೋಡಗಳಲ್ಲೂ ಇತ್ತು. ಮೋಡ ಹಳೆಯದಾದಷ್ಟೂ ಕುಡಿಯುವುದು ಜಾಸ್ತಿ, ಅದನ್ನು ಕೇಳುವವರು ಕಮ್ಮಿ. ಈ ವಿಷಯದಲ್ಲಿ ಅವೂ ಮನುಷ್ಯರ ಹಾಗೆಯೇ.

ನಾನು ಪರಮೇಶಿ. ಪುರಸಭೆಯಲ್ಲಿ ಸಾರುವ ಕೆಲಸ ನನ್ನದು. ನಲ್ಲಿ ನೀರು ಯಾವಾಗ ಬರುತ್ತದೆ, ಹಬೆ ಯಾವಾಗ ನಿಲ್ಲುತ್ತದೆ ಎಂದು ಮೈಕಿನಲ್ಲಿ ಕೂಗುತ್ತೇನೆ. ಅನುಕರಣೆ ನನಗೆ ಚಿಕ್ಕಂದಿನಿಂದ ಅಂಟಿದ ಜಾಡ್ಯ. ಬಿ.ಎ. ಓದುವಾಗ ಕ್ಲಾಸಿಗೆ ಬಾರದ ಗೆಳೆಯರಿಗೆಲ್ಲ ಅವರವರ ದನಿಯಲ್ಲೇ ಹಾಜರಿ ಹೇಳುತ್ತಿದ್ದೆ. ಆ ಭರಾಟೆಯಲ್ಲಿ ನನ್ನ ಹೆಸರು ಕರೆದಾಗ ಸುಮ್ಮನಿದ್ದುಬಿಟ್ಟು, ಕೊನೆಗೆ ಹಾಜರಿ ಸಾಲದೆ ಪರೀಕ್ಷೆಗೆ ಕೂರಲಾಗದವನು ನಾನೊಬ್ಬನೇ. ಮರುವರ್ಷ ಪಾಸಾದೆ, ಜಾಡ್ಯ ಮಾತ್ರ ಹೋಗಲಿಲ್ಲ.

ಇಂಜಿನಿಯರ್ ವಸುಮತಿ ಮೇಡಂ ಯಂತ್ರ ತಂದಾಗ ಈ ಜಾಡ್ಯಕ್ಕೆ ಗಿರಾಕಿ ಸಿಕ್ಕಿತು. ಕಟ್ಟಿ ಹನ್ನೆರಡು ವರ್ಷ ತುಂಬಿದ ಮೋಡಕ್ಕೆ ನಿವೃತ್ತಿ ಎಂದು ಪುರಸಭೆ ತೀರ್ಮಾನಿಸಿತ್ತು. ಒಡೆಯರ ದನಿಯಲ್ಲಿ "ಸಾಕು" ಎಂದರೆ ಮೋಡ ತಾನೇ ಗಂಟು ಸಡಿಲಿಸಿಕೊಂಡು, ಕೆರೆಯ ಮೇಲೆ ಹೋಗಿ ಮಳೆಯಾಗಿಬಿಡುತ್ತದೆ. ಬೇರೆಯವರು ಎಷ್ಟು ಕೂಗಿದರೂ ಕದಲುವುದಿಲ್ಲ. ಒಡೆಯರನ್ನು ಕೇಳಿದರೆ, "ಆಯ್ತು ಸ್ವಾಮಿ, ನಾಳೆ ಹೇಳ್ತೀವಿ" ಎನ್ನುತ್ತಿದ್ದರು. ಆ ನಾಳೆ ಬರಲೇ ಇಲ್ಲ.

"ಮನುಷ್ಯರ ಕೈಗೆ ಕೊಟ್ರೆ ಮುಲಾಜು ಬರುತ್ತೆ ಪರಮೇಶಿ," ಎಂದರು ವಸುಮತಿ ಮೇಡಂ. "ಯಂತ್ರಕ್ಕೆ ಮುಲಾಜಿಲ್ಲ. ನೀನು ಎಲ್ಲರ ದನೀಲೂ ಒಂದೊಂದು ಸಾಕು ಹೇಳಿಕೊಡು. ದಿನ ಬಂದಾಗ ಅದೇ ಆ ಬೀದಿ ಕಂಬದ ಹಾರ್ನಲ್ಲಿ ಹಾಕ್ಕೊಳ್ಳುತ್ತೆ. ನಾವು ಯಾರೂ ಹೋಗಬೇಕಾಗಿಲ್ಲ."

"ಮುಗಿಲು ಮುಗಿಯಲು ಇಷ್ಟೇ ಸಾಕಾ ಮೇಡಂ?" ಎಂದೆ.

"ಹಾಸ್ಯ ರೆಕಾರ್ಡ್ ಆಗ್ತಿದೆ. ಮೈಕಿಂದ ದೂರ ನಿಂತು ಮಾಡು."

ನನ್ನ ಕೋಣೆಯ ಕಿಟಕಿಯ ಹೊರಗೆ ಜಾತ್ರೆ ಸೇರಿತು. ನಾನು ಒಳಗೆ ಒಬ್ಬೊಬ್ಬರ ದನಿ ತೆಗೆದು "ಸಾಕು" ಎನ್ನುವುದು, ಹೊರಗಿನವರು "ಇದು ಸಾಬ್ಜಾನ್ ದರ್ಜಿ!", "ಇದು ಪೋಸ್ಟ್ ಮಾಸ್ಟ್ರು, ಮೂಗು ನೋಡ್ರೋ ಮೂಗು!" ಎಂದು ಚಪ್ಪಾಳೆ ತಟ್ಟುವುದು. ತಮ್ಮ ಮೋಡದ ಗಂಟನ್ನೇ ಬಿಚ್ಚುತ್ತಿದ್ದೇನೆ ಎಂದು ಗೊತ್ತಿದ್ದೂ ನಗುತ್ತಿದ್ದರು. ತಮ್ಮ ದನಿಯನ್ನು ಇನ್ನೊಬ್ಬನ ಬಾಯಲ್ಲಿ ಕೇಳಿದರೆ ಯಾರಿಗಾದರೂ ಸ್ವಲ್ಪ ಹೊತ್ತು ಬುದ್ಧಿ ಮಂಕಾಗುತ್ತದೆ.

ಆ ಗುಂಪಿನಲ್ಲಿ ದ್ಯಾವಕ್ಕನೂ ಇದ್ದಳು. ಬಸ್ ನಿಲ್ದಾಣದ ಹಿಂದಿನ ಊಟದ ಮೆಸ್ಸು ಅವಳದು. ಕಾಲೇಜಿನ ದಿನಗಳಿಂದ ನಾನು ಉಣ್ಣುತ್ತಿರುವುದು ಅಲ್ಲೇ. ಅವಳದು ಸಾರು, ನನ್ನದು ಸಾರುವುದು, ಇಬ್ಬರ ಕಸುಬೂ ಒಂದೇ ಎಂದು ನಾನು ಚುಡಾಯಿಸಿದರೆ, "ನನ್ ಸಾರಲ್ಲಿ ಉಪ್ಪಾದ್ರೂ ಐತೆ ಕನ್ಲಾ ಪರಮೇಸಿ" ಎನ್ನುತ್ತಿದ್ದಳು. ಯಂತ್ರ ಬರುವ ಎಷ್ಟೋ ಮುಂಚೆ ಅವಳ ಗಂಟಲಿಗೆ ಗಡ್ಡೆ ಬಂದು, ಪರವೂರಿನಲ್ಲಿ ಆಪರೇಷನ್ ಆಯಿತು. ಗಡ್ಡೆಯ ಜೊತೆ ದನಿಯೂ ಹೋಯಿತು. ಆಪರೇಷನ್ನಿಗೆ ಹೋಗುವ ಮುಂಚೆ ಅಂಗಳದಲ್ಲಿ ನಿಂತು ತನ್ನ ಮೋಡಕ್ಕೆ ಒಂದೇ ಸಮನೆ ಮಾತಾಡಿದ್ದಳು. ತಿರುಗಿ ಬಂದು ಒಲೆ ಹಚ್ಚಿ ಸೌಟು ಎತ್ತಿದಾಗ ಮೇಲಿನಿಂದ ಮೋಡವೇ ಕೂಗಿತು: "ಏನಪ್ಪಾ ಕೊನೇ ಎಲೆ, ಸಾರು ಬಂತಾ?"

ಅಂದಿನಿಂದ ಮೆಸ್ಸು ನಡೆದದ್ದು ಹಾಗೆಯೇ. ಮೆಸ್ಸಿನ ನಡುವೆ ತೆರೆದ ಅಂಗಳ, ಸುತ್ತ ಜಗಲಿಯಲ್ಲಿ ಎಲೆಗಳು, ಮೇಲೆ ಹೆಂಚಿನ ಎತ್ತರದಲ್ಲಿ ಮುದ್ದೆಯಂಥ ಮೋಡ. ದ್ಯಾವಕ್ಕ ಕೈ ಆಡಿಸುತ್ತಾಳೆ, ಮೋಡ ಬಾಯಿ ಆಡಿಸುತ್ತದೆ. ಸೊಪ್ಪು ಬಾಡಿದ್ದರೆ ಸೊಪ್ಪಿನವಳಿಗೆ ಬೈಯುವುದು, ಹೊಸಬರಿಗೆ "ನಾಚ್ಕೋಬ್ಯಾಡ, ಉಣ್ಣು" ಎನ್ನುವುದು, ಎಲ್ಲ ಅದೇ. ಕೈ ತೊಳೆದು ಹೊರಡುವವರಿಗೆಲ್ಲ ಒಂದೇ ಮಾತು: "ಓಗ್ಬಾ ಮಗ." ದ್ಯಾವಕ್ಕನ ಬಾಯಲ್ಲಿ ಹಕಾರ ಎಂದೂ ನಿಂತಿರಲಿಲ್ಲ, ಮೋಡಕ್ಕೂ ಅದು ಬರಲಿಲ್ಲ.

ಅವಳ "ಸಾಕು" ನಾನು ರೆಕಾರ್ಡ್ ಮಾಡಿದಾಗ ಕಿಟಕಿಯ ಹೊರಗಿದ್ದವರು ಗಪ್ಪಾದರು. ದ್ಯಾವಕ್ಕ ಮುಂದೆ ಬಂದು, ಕಂಬಿ ಹಿಡಿದು, ಇನ್ನೊಂದು ಸಲ ಎಂಬಂತೆ ಬೆರಳೆತ್ತಿದಳು. ಹೇಳಿದೆ. ಮತ್ತೆ ಬೆರಳೆತ್ತಿದಳು. ಅವಳ ಮೋಡ ಅವಳ ಮಾತುಗಳನ್ನೆಲ್ಲ ಆಡುತ್ತಿತ್ತು, ಈ ಒಂದು ಮಾತನ್ನು ಬಿಟ್ಟು. ಅದಕ್ಕೆ ಅವಳು ಅದನ್ನು ಕಲಿಸಿಯೇ ಇರಲಿಲ್ಲ. ಬಡಿಸುವವಳಿಗೆ ಆ ಮಾತಿನ ಉಪಯೋಗವೇನು? ಅದು ಉಣ್ಣುವವರ ಮಾತು.

ಯಂತ್ರ ಚೆನ್ನಾಗಿ ಕೆಲಸ ಮಾಡಿತು. ಮಧ್ಯಾಹ್ನದ ಹೊತ್ತಿಗೆ ಯಾವುದೋ ಬೀದಿಯ ಹಾರ್ನು ಕರಕರ ಎಂದು ಯಾರದೋ ದನಿಯಲ್ಲಿ "ಸಾಕು" ಎನ್ನುವುದು, ಆ ಮನೆಯ ಮೋಡ ಕೆರೆಯತ್ತ ಹೊರಡುವುದು. ಜನ ಹೊಂದಿಕೊಂಡರು. ಅಗಸರು ಬಟ್ಟೆ ಒಗೆಯುವಾಗ ಕೆರೆಯ ನೀರು ಅಷ್ಟಿಷ್ಟು ಗೊಣಗುತ್ತಿತ್ತು. ಒಂದು ದಿನ ಮಗ್ಗಿ ಗೊಣಗಿತು, ಇನ್ನೊಂದು ದಿನ ಯಾರದೋ ಸೊಂಟದ ಅಳತೆ. ಸಂಜೆಯ ಹೊತ್ತಿಗೆ ಅದೂ ತಿಳಿಯಾಗಿ ಬರೀ ನೀರಾಗುತ್ತಿತ್ತು. ಸೂಲಗಿತ್ತಿ ಕೊಡ ಹಿಡಿದು ಓಡಿ ಬಂದು, ಕಷಾಯದ ಪಾಕದಲ್ಲಿ ಅರ್ಧ ಮಾತ್ರ ಹಿಡಿದುಕೊಂಡು ಹೋದಳು. ಹಬೆಮನೆಯ ಸೌದೆ ಉಳಿಯಿತು. ಅಧ್ಯಕ್ಷ ಬೋರಲಿಂಗಯ್ಯನವರು ಸೌದೆ ರಾಶಿಯ ಮುಂದೆ ನಿಂತು ಫೋಟೋ ತೆಗೆಸಿಕೊಂಡರು.

ದ್ಯಾವಕ್ಕನ ಮೆಸ್ಸಿನ ಹಗ್ಗಕ್ಕೆ ಕೆಂಪು ಬಟ್ಟೆ ಬಿತ್ತು. ಮುಂದಿನ ವಾರ ಸರದಿ ಎಂಬುದರ ಗುರುತು ಅದು. ಅಂದು ಅವಳು ಟಿಫನ್ ಕ್ಯಾರಿಯರ್ ಹಿಡಿದು ನನ್ನ ಕೋಣೆಗೆ ಬಂದಳು. ಅಲ್ಲಿಗೆ ಅವಳ ಮೋಡ ಬರುವಂತಿರಲಿಲ್ಲ. ಹಾಗಾಗಿ ಸದ್ದಿಲ್ಲದೆ ಬಂದಳು, ಸದ್ದಿಲ್ಲದೆ ಮುದ್ದೆ, ಉಪ್ಸಾರು ಇಟ್ಟಳು. ಗಂಟಲು ಮುಟ್ಟಿಕೊಂಡಳು, ಮೇಲೆ ತೋರಿಸಿದಳು, ಆಮೇಲೆ ಕೆರೆಯ ದಿಕ್ಕಿಗೆ ಅಂಗೈ ಚೆಲ್ಲಿದಳು. ಅಳಲಿಲ್ಲ. ನಾನು ತುತ್ತು ಬಾಯಿಗಿಡುವವರೆಗೂ ಕಾದು, ಹೊರಟುಹೋದಳು. ಅವಳು ಹೊರಡುವಾಗ "ಓಗ್ಬಾ" ಎನ್ನುವವರು ಯಾರೂ ಇಲ್ಲ ಎನಿಸಿತು.

ವಸುಮತಿ ಮೇಡಂ ಹತ್ತಿರ ಹೋದೆ. "ಆ ಒಂದು ಕ್ಯಾಸೆಟ್ ಎತ್ತಿಬಿಡಿ ಮೇಡಂ."

"ಎತ್ತಿದ್ರೆ ಮುಂದಿನದು ಅದರ ಜಾಗಕ್ಕೆ ಜಾರುತ್ತೆ. ಪಕ್ಕದ ಮನೆಯವರದು ಈಗ ತಾನೆ ಕಟ್ಟಿದ ಮೋಡ, ಅದು ಹೋಗುತ್ತೆ. ಪರವಾಗಿಲ್ವಾ?"

"ಹಾಗಾದ್ರೆ ಯಂತ್ರ ನಿಲ್ಸಿ."

"ನಿಲ್ಲಿಸೋಕೆ ಅಂತ ಮಾಡಿದ್ದಲ್ಲ ಅದು," ಎಂದರು. ಯಂತ್ರದ ಮುಚ್ಚಳ ಹಾಕುತ್ತ, "ನಾನೂ ಅಲ್ಲೇ ಉಣ್ಣೋದು ಪರಮೇಶಿ," ಎಂದರು.

ಬೋರಲಿಂಗಯ್ಯನವರು ತಮ್ಮ ಜಗಲಿಯಲ್ಲಿ ಅಡಿಕೆ ಕತ್ತರಿಸುತ್ತ ಕೂತಿದ್ದರು. "ಒಬ್ಬರಿಗೆ ಬಿಟ್ರೆ ಊರಿಗೆಲ್ಲ ಬಿಡಬೇಕಾಯ್ತದೆ ಕಣೋ."

"ಊರಿಗೆಲ್ಲ ಗಂಟ್ಲೈತೆ ಅಣ್ಣ. ಅವ್ಳಿಗೆ ಇರೋದು ಅದೊಂದೇ."

"ತೀರ್ಕೊಂಡ ನಮ್ಮವ್ವನ ಮೋಡಾನೂ ನಾನೇ ನಿಂತ್ಕಂಡು ಕಳಿಸ್ದೆ. ಯಾರಾದ್ರೂ ಕೇಳಿದ್ರೇನೋ ನನ್ನ? ನೀನೇ ಅಲ್ವಾ ನಮ್ಮವ್ವನ ದನಿ ತೆಗ್ದಿದ್ದು?" ಅಡಕತ್ತರಿ ಕೆಳಗಿಟ್ಟರು. "ಚೆನ್ನಾಗೇ ತೆಗ್ದಿದ್ದೆ ಬಿಡು. ನಾನೇ ಓ ಅಂದ್ಬಿಟ್ಟಿದ್ದೆ."

ನಾನು ಚಪ್ಪಲಿ ಮೆಟ್ಟಿಕೊಂಡು ಜಗಲಿ ಇಳಿದೆ.

ಸರದಿಯ ದಿನ ಮೆಸ್ಸಿನಲ್ಲಿ ಎಲೆ ಹಾಕಲು ಜಾಗವಿರಲಿಲ್ಲ. ಕೊನೆಯ ಸಲ ಬೈಸಿಕೊಂಡು ಉಣ್ಣೋಣ ಎಂದು ಊರೇ ಬಂದಿತ್ತು. ಬೋರಲಿಂಗಯ್ಯನವರು ಅಂಗಳದ ಅಂಚಿನಲ್ಲಿ ಕೂತಿದ್ದರು, ಅವರ ಪಕ್ಕ ನಾನು. ದ್ಯಾವಕ್ಕ ಬಸ್ಸಾರಿನ ಬಕೆಟ್ಟು ಹಿಡಿದು ಸಾಲು ಹಿಡಿದಿದ್ದಳು. ಮೋಡ ಎಂದಿನಂತೆ, "ಮುದ್ದೆ ಮುರ್ಕಳ್ರಪ್ಪ, ಆರೋಯ್ತದೆ" ಎನ್ನುತ್ತಿತ್ತು. ಬೀದಿಯ ಹಾರ್ನು ಕರಕರ ಎಂದಿತು. ಎಲ್ಲರ ಕೈಗಳೂ ಎಲೆಯ ಮೇಲೆ ನಿಂತವು.

"ಸಾಕು," ಎಂದಿತು ಹಾರ್ನು, ದ್ಯಾವಕ್ಕನ ದನಿಯಲ್ಲಿ, ಅಂದರೆ ನನ್ನ ದನಿಯಲ್ಲಿ.

ಮೋಡ ಅಲುಗಾಡಿತು. ಹಗ್ಗ ಸಡಿಲವಾದದ್ದನ್ನು ನಾನು ಕಂಡೆ. ದ್ಯಾವಕ್ಕ ಬಕೆಟ್ಟು ಕೆಳಗಿಟ್ಟಳು.

"ಸಾಕಂದ್ರೆ ಎಂಗಪ್ಪಾ?" ಎಂದಿತು ಮೋಡ. "ಇನ್ನೊಂಚೂರು ಆಕುಸ್ಕೋ." ಒಂದು ಸೌಟಿನಷ್ಟು ಮಳೆ, ಅಳೆದು ಹೊಯ್ದಂತೆ, ಅಧ್ಯಕ್ಷರ ಎಲೆಯ ಮೇಲೆ ಬಿತ್ತು.

ಆ ಅಂಗಳದಲ್ಲಿ ಸಾಕು ಎಂದವರಿಗೆ ಇನ್ನೊಂದು ಸೌಟು ಬೀಳದೆ ಇದ್ದದ್ದು ಎಂದಾದರೂ ಉಂಟೇ? ನಾನು ಅಷ್ಟು ವರ್ಷ ಅಲ್ಲಿ ಉಂಡವನು, ನನಗೇ ಹೊಳೆದಿರಲಿಲ್ಲ. ಬೇರೆ ಮೋಡಗಳಿಗೆ ಸಾಕು ಎಂದರೆ ಮುಗಿಯಿತು ಎಂದರ್ಥ, ಮೆಸ್ಸಿನ ಮೋಡಕ್ಕೆ ಮಾತ್ರ ಅದು ಉಪಚಾರ.

ಮೋಡ ಹೊರಡದಿರುವುದನ್ನು ಕಂಡು ಯಂತ್ರ ಮತ್ತೆ "ಸಾಕು" ಎಂದಿತು. "ನಾಚ್ಕೋಬ್ಯಾಡ, ಉಣ್ಣು," ಎಂದು ಮೋಡ ಇನ್ನೊಂದು ಸೌಟು ಹಾಕಿತು. ಯಂತ್ರಕ್ಕೆ ಮುಲಾಜಿಲ್ಲ, ಮೋಡಕ್ಕೆ ಮುಲಾಜೇ ಎಲ್ಲ. ಅಧ್ಯಕ್ಷರ ಸಾರು ಎಲೆಯಿಂದ ಹರಿದು ಪಂಚೆಗೆ ಬಂತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ದ್ಯಾವಕ್ಕನ ಹೆಗಲೂ ಕುಣಿಯುತ್ತಿತ್ತು. ಕೊನೆಗೆ ಬೋರಲಿಂಗಯ್ಯನವರು ತೋಯ್ದ ಪಂಚೆ ಎತ್ತಿ ಕಟ್ಟಿ, "ಆ ಹಾರ್ನಿನ ವೈರು ಕೀಳ್ರೋ!" ಎಂದು ಅರಚಿದರು.

ವೈರು ಕಿತ್ತರು. ಅಧ್ಯಕ್ಷರ ಸಿಟ್ಟು ಕಿತ್ತುಬರಲಿಲ್ಲ. ಆ ಸಂಜೆಯೇ ಮೈಕು, ಸ್ಪೀಕರ್ ಡಬ್ಬಿ ಎಲ್ಲ ಹೊತ್ತುಕೊಂಡು ನಾವು ಮೆಸ್ಸಿನ ಬಾಗಿಲಿಗೆ ಬಂದೆವು.

"ಅದಕ್ಕೆ ಸಾಕು ತಿಳಿಯಕಿಲ್ಲ," ಎಂದರು ಅಧ್ಯಕ್ಷರು. "ನೇರವಾಗಿ ಹೋಗು ಅನ್ನು. ಅದರಲ್ಲಿ ಎರಡರ್ಥ ಇಲ್ಲ."

"ಅಣ್ಣ, ಬಿಟ್ಬಿಡಿ."

"ನಾನು ಬಿಟ್ಟೆ ಅಂತಿಟ್ಕೋ. ನಾಳೆ ಎಲ್ಲಾರೂ ಅವರವರ ಮೋಡಕ್ಕೆ ಸೌಟು ಕಲಿಸ್ತಾರೆ. ಹಬೆಗೆ ಸೌದೆ ನಿಮ್ಮಪ್ಪ ತರ್ತಾನಾ? ಅನ್ನು. ಇಲ್ಲ ಅಂದ್ರೆ ಇನ್ಯಾರನ್ನಾದ್ರೂ ಕರೆಸ್ತೀನಿ."

ದ್ಯಾವಕ್ಕ ಹೊಸ್ತಿಲ ಮೇಲೆ ನಿಂತಿದ್ದಳು, ಕೈಯಲ್ಲಿ ಸೌಟು ಹಾಗೇ ಇತ್ತು. ನನ್ನನ್ನು ತಡೆಯಲಿಲ್ಲ, ಬೇಡಲಿಲ್ಲ, ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಮೇಲೆ ಮೋಡವೂ ಹೆಂಚಿನಿಂದಾಚೆ ಬಾಗಿತ್ತು. ನಾನು ಮೈಕು ತೆಗೆದುಕೊಂಡು, ಕಣ್ಣು ಮುಚ್ಚಿ ಅವಳ ದನಿಯನ್ನು ಗಂಟಲಿಗೆ ತಂದುಕೊಂಡೆ. ಒಬ್ಬರ ದನಿ ತೆಗೆಯಬೇಕಾದರೆ ಮೊದಲು ಅವರು ಆ ಮಾತು ಆಡಿದ ಹೊತ್ತೊಂದನ್ನು ನೆನಪಿಸಿಕೊಳ್ಳಬೇಕು. ನನ್ನ ವಿದ್ಯೆ ಇರುವುದೇ ಅಷ್ಟು. ದ್ಯಾವಕ್ಕ ಯಾರಿಗಾದರೂ ಬರೀ "ಹೋಗು" ಎಂದ ಹೊತ್ತನ್ನು ಹುಡುಕಿದೆ. ಕುಡಿದು ಬಂದು ಎಲೆಯ ಮೇಲೆ ಬಿದ್ದವನನ್ನು ಎಬ್ಬಿಸಿ ಕಳಿಸಿದ್ದು ನೆನಪಾಯಿತು. ಸಾರಿನಲ್ಲಿ ಹುಳ ಇದೆ ಎಂದು ಸುಳ್ಳು ಹೇಳಿದವನನ್ನು ಬೈದು ಅಟ್ಟಿದ್ದು ನೆನಪಾಯಿತು. ಅವನಿಗೂ ಕೊನೆಯಲ್ಲಿ ಅವಳು ಅಂದದ್ದು ಕೈ ತೊಳೆದವರಿಗೆಲ್ಲ ಅನ್ನುವ ಅದೇ ಮಾತು. ಬರೀ ಹೋಗು ಎಲ್ಲೂ ಸಿಗಲಿಲ್ಲ. ಅವಳು ಆಡದ ಮಾತನ್ನು ಅವಳ ದನಿಯಲ್ಲಿ ಆಡಿದರೆ ಅದು ಮಿಮಿಕ್ರಿಯಲ್ಲ, ಚಾಡಿ.

"ಅನ್ನೋ!" ಎಂದರು ಅಧ್ಯಕ್ಷರು.

"ಓಗ್ಬಾ ಮಗ," ಎಂದೆ.

ಮೋಡದ ಗಂಟು ತಾನೇ ಬಿಚ್ಚಿಕೊಂಡಿತು. ಅದು ಮೆಲ್ಲಗೆ ಎದ್ದು, ಬಸ್ ನಿಲ್ದಾಣದ ತಗಡಿನ ಮೇಲೆ ನೆರಳು ಎಳೆದುಕೊಂಡು, ಕೆರೆಯ ಕಡೆಗೆ ಸಾಗಿತು. "ನೋಡ್ದಾ, ಹೋಯ್ತು!" ಎಂದು ಬೋರಲಿಂಗಯ್ಯನವರು ಅಂಗೈ ಉಜ್ಜಿಕೊಂಡರು. ಅವರು ಕೇಳಿಸಿಕೊಂಡಿದ್ದು ಮಾತಿನ ಮೊದಲರ್ಧ ಮಾತ್ರ. ದ್ಯಾವಕ್ಕ ನನ್ನತ್ತ ಒಂದು ಸಲ ನೋಡಿ, ಒಳಗೆ ಹೋಗಿ, ಒಲೆಯ ಮುಂದೆ ಕೂತಳು. ಅವಳು ಎಷ್ಟು ಕೇಳಿಸಿಕೊಂಡಳೋ ನನಗೆ ತಿಳಿಯಲಿಲ್ಲ.

ಅಂದು ಮೆಸ್ಸಿನ ರಾತ್ರಿ ಊಟ ಮೂಕವಾಗಿ ಮುಗಿಯಿತು. ಕೊನೆ ಎಲೆಯವನಿಗೆ ಸಾರು ಬಂದಿರಲಿಲ್ಲ, ಅವನು ಕೇಳಲೂ ಇಲ್ಲ. ನಾನು ಸಾಕು ಎಂದೆ. ದ್ಯಾವಕ್ಕ ಸೌಟು ಹಿಂದಕ್ಕೆ ತೆಗೆದುಕೊಂಡುಬಿಟ್ಟಳು. ಅಷ್ಟು ವರ್ಷಗಳಲ್ಲಿ ಅದೇ ಮೊದಲು.

ಬೆಳಗ್ಗೆ ಬೇಗ ಕೆರೆಯ ಏರಿಗೆ ಹೋದೆ. ಅಗಸರನ್ನು, "ನೀರು ಏನಾದ್ರೂ ಅಂತಾ?" ಎಂದು ಕೇಳಿದೆ. "ಏನೂ ಇಲ್ಲ ಕನ್ರಣ್ಣ. ಮಳೇನೂ ಬಿದ್ದಿಲ್ಲ," ಎಂದರು. ಅಲ್ಲಿಂದ ಮೆಸ್ಸಿನವರೆಗೂ ನಾನು ನಡೆದೆನೋ ಓಡಿದೆನೋ. ಬಾಗಿಲು ತೆರೆದಿತ್ತು. ದ್ಯಾವಕ್ಕ ಅಂಗಳದಲ್ಲಿ ಕತ್ತೆತ್ತಿ ನಿಂತಿದ್ದಳು. ಅವಳ ತಲೆಯ ಮೇಲೆ, ಕೆರೆಯ ನೀರು ಕುಡಿದು ದುಂಡಗಾಗಿ, ಬಿಚ್ಚಿದ ಹಗ್ಗದ ಪಕ್ಕದಲ್ಲೇ ಮೋಡ ನಿಂತಿತ್ತು.

"ಎಸರು ಉಕ್ತಾ ಐತೆ," ಎಂದಿತು. "ಯಾರ್ನ ನೋಡ್ತಾ ನಿಂತಿದ್ದೀಯೆ?"

ಬೋರಲಿಂಗಯ್ಯನವರನ್ನು ಒಪ್ಪಿಸಿದ್ದು ವಸುಮತಿ ಮೇಡಂ. ರಾತ್ರಿಯಿಡೀ ಆ ಮೋಡ ಹಬೆ ಕುಡಿದಿಲ್ಲ, ತನ್ನ ಹೊಟ್ಟೆ ತಾನೇ ನೋಡಿಕೊಂಡು ಬಂದಿದೆ, ಅದಕ್ಕೆ ಸುಟ್ಟ ಸೌದೆ ಏನೂ ಇಲ್ಲ ಎಂದು ಅವರು ಹೇಳಿದರು. ಅಧ್ಯಕ್ಷರು ಅಡಕತ್ತರಿ ಕೈಗೆತ್ತಿಕೊಂಡರು. "ನಮ್ಮವ್ವಂಗೂ ಹಂಗೇ ಅಂದಿದ್ರೆ..." ಎಂದು ಶುರುಮಾಡಿ, ಮುಂದಿನದನ್ನು ನುಂಗಿಕೊಂಡರು. ಅವರ ಅವ್ವನ ಮಾತಿನ ವರಸೆ ಹೇಗಿತ್ತೆಂದು ನನಗೆ ಗೊತ್ತು. ಆದರೆ ಅದನ್ನು ಅವರು ನನ್ನಲ್ಲಿ ಕೇಳಲಿಲ್ಲ, ನಾನೂ ತೆಗೆಯಲಿಲ್ಲ.

ಈಗ ಯಂತ್ರದಲ್ಲಿ ಬೇರೆ ಕ್ಯಾಸೆಟ್‌ಗಳಿವೆ. ಅವನ್ನೂ ನಾನೇ ಮಾಡಿಕೊಟ್ಟೆ. ಉಳಿದಿರುವ ಮೋಡಗಳಿಗೆಲ್ಲ ಸಂಜೆ ಹಾರ್ನಿನಲ್ಲಿ ಆಯಾ ಒಡೆಯರ ದನಿಯಲ್ಲಿ ಹೋಗಿ ಬಾ ಎಂದು ಬರುತ್ತದೆ. ಅವು ಕೆರೆಗೆ ಹೋಗಿ, ಕುಡಿದು, ಬೆಳಗ್ಗೆ ಬರುತ್ತವೆ. ಕೆಲವು ಸೋಮಾರಿಗಳು ತಡವಾಗಿ ಬಂದು ಬೈಸಿಕೊಳ್ಳುತ್ತವೆ. ಹಬೆಮನೆಯ ಬಾಯ್ಲರ್ ಈಗ ಹಗಲು ಮಾತ್ರ ಕುದಿಯುತ್ತದೆ. ಗೋಡೆಯ ಮೇಲಿನ ಬರಹ ಅಳಿಸಬೇಕೇ ಎಂದು ಬಣ್ಣದವನು ಕೇಳಿದಾಗ ಅಧ್ಯಕ್ಷರು, "ಇರ್ಲಿ ಬಿಡು, ಹೆಂಗ್ ಓದಿದ್ರೂ ಸರಿ" ಎಂದರಂತೆ.

ಮೆಸ್ಸಿನ ಮೋಡಕ್ಕೆ ಮಾತ್ರ ಕ್ಯಾಸೆಟ್ ಇಲ್ಲ. ಸಂಜೆ ಊಟ ಮುಗಿಸಿ ಕೈ ತೊಳೆದ ಮೇಲೆ ಅದಕ್ಕೆ ನಾನೇ ಹೇಳಿ ಬರಬೇಕು, ದ್ಯಾವಕ್ಕ ಬಾಗಿಲಲ್ಲಿ ನಿಂತು ತುಟಿ ಆಡಿಸುವಾಗ. ನಿನ್ನೆ ಬಸ್ಸಾರು ಚೆನ್ನಾಗಿತ್ತು, ಹೊಟ್ಟೆ ಬಿರಿಯುತ್ತಿತ್ತು. ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು, ನನ್ನ ಸ್ವಂತ ದನಿಯಲ್ಲೇ "ಸಾಕು ದ್ಯಾವಕ್ಕ, ಸಾಕು" ಎಂದೆ. ಅವಳು ನನ್ನ ಕೈ ಸರಿಸಿ ಇನ್ನೊಂದು ಸೌಟು ಹುಯ್ದಳು.